ಹಿಮಗಡಲಿನ ದಿನಲೆಕ್ಕ

1974ರ ಚಳಿಗಾಲದಲ್ಲಿ ಅಂಟಾರ್ಕ್ಟಿಕದ ವೆಡೆಲ್ ಸಮುದ್ರದ ಹಿಮಹಾಸು ನಡುಮಧ್ಯದಲ್ಲಿ ಬಾಯಿ ಬಿಟ್ಟಿತು. ಸುತ್ತಲೂ ನೂರಾರು ಕಿಲೋಮೀಟರ್‌ವರೆಗೆ ಕಡಲು ಹೆಪ್ಪುಗಟ್ಟಿ ನಿಂತಿತ್ತು. ನಡುವೆ ಮಾತ್ರ ಸುಮಾರು ಎರಡೂವರೆ ಲಕ್ಷ ಚದರ ಕಿಲೋಮೀಟರ್ ನೀರು, ಅಂದರೆ ಇಡೀ ಕರ್ನಾಟಕವನ್ನು ಹಾಸಿದರೂ ಜಾಗ ಉಳಿಯುವಷ್ಟು ನೀರು, ಕೊರೆಯುವ ಗಾಳಿಗೆ ಮೈಯೊಡ್ಡಿ ತೆರೆದೇ ಇತ್ತು. ಕರಾವಳಿಯ ಬಳಿ ಇಂಥ ತೆರಪುಗಳು ಏಳುವುದು ಸಾಮಾನ್ಯ. ನೆಲದ ಕಡೆಯಿಂದ ರಭಸವಾಗಿ ಇಳಿಯುವ ಗಾಳಿ ಎಳೆ ಹಿಮವನ್ನು ಆಚೆಗೆ ತಳ್ಳಿಬಿಡುತ್ತದೆ. ಆದರೆ ದಡದಿಂದ ಅಷ್ಟು ದೂರದ ನಡುಗಡಲಿನಲ್ಲಿ ಅಷ್ಟು ದೊಡ್ಡ ತೆರಪು ಇರಬಹುದೆಂದು ಯಾರೂ ಎಣಿಸಿರಲಿಲ್ಲ. ಆ ಕಾಲದಲ್ಲಿ ಹಡಗುಗಳು ಅತ್ತ ಸುಳಿಯುವಂತಿರಲಿಲ್ಲ. ಕಂಡದ್ದು ನಿಂಬಸ್-5 ಎಂಬ ಅಮೆರಿಕದ ಹವಾಮಾನ ಉಪಗ್ರಹಕ್ಕೆ. ಮರುವರ್ಷದ ಚಳಿಗಾಲದಲ್ಲೂ ಅದು ತೆರೆಯಿತು, 1976ರಲ್ಲಿ ಮತ್ತೊಮ್ಮೆ. ಆಮೇಲೆ ನಲವತ್ತು ವರ್ಷಗಳ ಕಾಲ ಅಂಥದ್ದು ಬರಲಿಲ್ಲ.

‘ಬರಲಿಲ್ಲ’ ಎಂದು ಹೇಳುವುದಕ್ಕೆ ಬೇಕಾದ ಸಿದ್ಧತೆ ‘ಬಂತು’ ಎನ್ನುವುದಕ್ಕೆ ಬೇಕಾದ್ದಕ್ಕಿಂತ ಬಹಳ ದೊಡ್ಡದು. ಬಂದದ್ದನ್ನು ಹೇಳಲು ಒಂದು ಚಿತ್ರ ಸಾಕು. ಬರಲಿಲ್ಲವೆಂದು ಖಚಿತವಾಗಿ ಹೇಳಬೇಕಾದರೆ ನಲವತ್ತು ಚಳಿಗಾಲಗಳ ಪ್ರತಿಯೊಂದು ವಾರವೂ ಯಾರಾದರೂ ಅಲ್ಲಿ ನೋಡಿರಬೇಕು, ಒಂದೇ ಬಗೆಯಲ್ಲಿ ನೋಡಿರಬೇಕು, ನೋಡಿದ್ದನ್ನು ಬರೆದಿಟ್ಟಿರಬೇಕು. ಮನುಷ್ಯರು ಕಾಲಿಡದ ಶೀತಪ್ರದೇಶಗಳ ಬಗ್ಗೆ ಹವಾಮಾನ ಉಪಗ್ರಹಗಳು ಕೊಟ್ಟಿರುವ ಅತಿ ದೊಡ್ಡ ಕೊಡುಗೆ ಇದೇ ಎಂಬುದು ನನ್ನ ವಾದ. ಪತ್ರಿಕೆಗಳ ಮುಖಪುಟಕ್ಕೆ ಬರುವುದು ಬಿರಿದ ಹಿಮಬಂಡೆಗಳ ಬೆರಗಿನ ಚಿತ್ರ. ಜ್ಞಾನವನ್ನು ಕಟ್ಟಿರುವುದು ಒರಟಾದ, ನೋಡಲು ಏನೂ ಚೆಂದವಿಲ್ಲದ, ಆದರೆ ಪಟ್ಟುಬಿಡದೆ ಮುಂದುವರಿದ ಅಳತೆಗಳ ಸಾಲು. ಮಲೆನಾಡಿನ ಹಳೆಯ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಬರೆದಿಟ್ಟ ಮಳೆ ಪುಸ್ತಕಗಳಿರುತ್ತವೆ. ಅವುಗಳಲ್ಲಿ ಮಳೆ ಬಾರದ ದಿನದ ಮುಂದೆ ಬರೆದ ಸೊನ್ನೆಗೂ ಧಾರಾಕಾರ ಸುರಿದ ದಿನದ ಅಂಕಿಯಷ್ಟೇ ಬೆಲೆ. ಧ್ರುವಗಳ ಮಟ್ಟಿಗೆ ಆ ಪುಸ್ತಕವನ್ನು ಅರ್ಧ ಶತಮಾನದಿಂದ ಉಪಗ್ರಹಗಳು ಬರೆಯುತ್ತಿವೆ.

ಇದು ಯಾರೋ ಯೋಜಿಸಿ ಆದದ್ದೂ ಅಲ್ಲ. 1960ರ ಏಪ್ರಿಲ್ 1ರಂದು ಹಾರಿದ ಮೊದಲ ಹವಾಮಾನ ಉಪಗ್ರಹ ಟೈರಾಸ್-1ರ ಗುರಿ ಮೋಡಗಳು ಮತ್ತು ಚಂಡಮಾರುತಗಳು. ಅದರ ಕಕ್ಷೆ ಸಮಭಾಜಕದಿಂದ ಸುಮಾರು 48 ಡಿಗ್ರಿಯವರೆಗೆ ಮಾತ್ರ ಓರೆಯಾಗಿದ್ದುದರಿಂದ ಧ್ರುವಗಳು ಅದರ ಕಣ್ಣಿಗೆ ಬೀಳಲೇ ಇಲ್ಲ. ಮುಂದೆ ನಿಂಬಸ್ ಸರಣಿಯ ಉಪಗ್ರಹಗಳು ಉತ್ತರ ದಕ್ಷಿಣವಾಗಿ, ಧ್ರುವದಿಂದ ಧ್ರುವಕ್ಕೆ ಸುತ್ತತೊಡಗಿದವು. ಇಂಥ ಉಪಗ್ರಹ ಭೂಮಿಯನ್ನು ನೂರು ನಿಮಿಷಕ್ಕೆ ಒಂದರಂತೆ ದಿನಕ್ಕೆ ಹೆಚ್ಚುಕಡಿಮೆ 14 ಸುತ್ತು ಹಾಕುತ್ತದೆ. ಬೆಂಗಳೂರಿನ ಮೇಲೆ ಅದು ಹಾಯುವುದು ದಿನಕ್ಕೆ ಎರಡು ಬಾರಿ. ಧ್ರುವದ ಸಮೀಪ ಹಾಯುವುದು ಪ್ರತಿ ಸುತ್ತಿನಲ್ಲೂ. ಹೀಗಾಗಿ ಜನರೇ ಇಲ್ಲದ ನಾಡು ಉಪಗ್ರಹಕ್ಕೆ ಅತಿ ಹೆಚ್ಚು ಸಲ ಕಾಣುವ ನಾಡಾಯಿತು. ನಮ್ಮ ಇನ್ಸಾಟ್‌ನಂಥ ಭೂಸ್ಥಿರ ಉಪಗ್ರಹಗಳಿಂದ ಈ ಕೆಲಸವಾಗದು. ಹಾಸನದ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಆ ಉಪಗ್ರಹಗಳು ಸಮಭಾಜಕದ ಮೇಲೆ 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ನಿಂತು ಮುಂಗಾರಿನ ಮೋಡಗಳನ್ನು ಅರ್ಧ ಗಂಟೆಗೊಮ್ಮೆ ತೋರಿಸಬಲ್ಲವು. ಧ್ರುವಗಳಾದರೋ ಅವುಗಳ ದೃಷ್ಟಿಗೆ ಭೂಗೋಲದ ಅಂಚಿನಲ್ಲಿ ಚಪ್ಪಟೆಯಾಗಿ ಕರಗಿಹೋಗುತ್ತವೆ.

ಆದರೆ ಮೇಲಿನಿಂದ ಹಾದುಹೋದ ಮಾತ್ರಕ್ಕೆ ಕಾಣುತ್ತದೆಯೇ? ಧ್ರುವದ ನಟ್ಟನಡುವೆ ಅರ್ಧ ವರ್ಷ ಸೂರ್ಯನಿಲ್ಲ, ಆದ್ದರಿಂದ ಕ್ಯಾಮೆರಾ ಕುರುಡು. ಬೆಳಕಿದ್ದಾಗಲೂ ಹಿಮದ ಬಿಳುಪಿನ ಮೇಲೆ ಮೋಡದ ಬಿಳುಪು ಕವಿದಿರುತ್ತದೆ. ಶಾಖವನ್ನು ಗ್ರಹಿಸುವ ಇನ್‌ಫ್ರಾರೆಡ್ ಸಾಧನ ಕತ್ತಲೆಯಲ್ಲೂ ಕೆಲಸ ಮಾಡುತ್ತದೆ ನಿಜ, ಆದರೆ ಮೋಡವನ್ನು ತೂರಲಾರದು; ಹಿಮವೂ ಮೋಡದ ನೆತ್ತಿಯೂ ಒಂದೇ ತೆರನಾಗಿ ತಣ್ಣಗಿರುವುದರಿಂದ ಅದಕ್ಕೆ ಯಾವುದು ಯಾವುದೆಂದು ತಿಳಿಯದೆ ಹೋಗುವುದೂ ಉಂಟು. ನಿಂಬಸ್-5ರಲ್ಲಿದ್ದದ್ದು ಮೂರನೆಯ ಬಗೆಯ ಕಣ್ಣು. ಪ್ರತಿಯೊಂದು ವಸ್ತುವೂ ತಾನಾಗಿಯೇ ತೀರಾ ಕ್ಷೀಣವಾದ ಮೈಕ್ರೋವೇವ್ ತರಂಗಗಳನ್ನು ಹೊಮ್ಮಿಸುತ್ತಿರುತ್ತದೆ. ಅವು ಕತ್ತಲೆಗೆ ಅಂಜುವುದಿಲ್ಲ, ಬಹುಪಾಲು ಮೋಡಗಳನ್ನು ದಾಟಿಬರುತ್ತವೆ. ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ ಆ ತರಂಗಗಳನ್ನು ಹಿಡಿದು ಅಳೆಯುವ ರೇಡಿಯೋಮೀಟರ್ ಆ ಉಪಗ್ರಹದಲ್ಲಿತ್ತು. ಸೋಜಿಗವೆಂದರೆ, ಅದರ ಕಣ್ಣಿಗೆ ಹಿಮ ಬೆಚ್ಚಗೆ, ನೀರು ತಣ್ಣಗೆ ಕಾಣಿಸುತ್ತದೆ. ಥರ್ಮಾಮೀಟರ್ ಇಟ್ಟು ನೋಡಿದರೆ ಹಿಮದ ಮೇಲ್ಮೈ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದೀತು. ಪಕ್ಕದ ಸಮುದ್ರದ ನೀರು ಹೆಪ್ಪುಗಟ್ಟುವ ಹಂತದಲ್ಲಿ, ಸೊನ್ನೆಗಿಂತ ಎರಡು ಡಿಗ್ರಿಯಷ್ಟೇ ಕೆಳಗೆ. ಆದರೆ ಕಡಲ ಹಿಮ ತನ್ನ ತಾಪಕ್ಕೆ ತಕ್ಕಂತೆ ಹೊಮ್ಮಿಸಬಹುದಾದ ಮೈಕ್ರೋವೇವ್‌ನ ಶೇ 90ರಷ್ಟನ್ನು ಹೊಮ್ಮಿಸಿದರೆ, ನೀರು ಅರ್ಧಕ್ಕಿಂತ ಕಡಿಮೆ ಹೊಮ್ಮಿಸುತ್ತದೆ. ಹಾಗಾಗಿ ಅಳತೆಯಲ್ಲಿ ಹಿಮ ನೀರಿಗಿಂತ ಸುಮಾರು ಎರಡು ಪಟ್ಟು ಪ್ರಕಾಶಮಾನ. ವೆಡೆಲ್ ಸಮುದ್ರದ ಆ ತೆರಪು ನಕ್ಷೆಯಲ್ಲಿ ಮೂಡಿದ್ದು ಹೊಳೆಯುವ ಬಯಲಿನ ನಡುವಣ ಮಂಕು ಮಚ್ಚೆಯಾಗಿ. ಅದನ್ನು ನೀರೆಂದು ಓದಲು ಈ ಭೌತಶಾಸ್ತ್ರ ಗೊತ್ತಿರಬೇಕು. ಬರಿಗಣ್ಣಿನ ನಂಬಿಕೆಯಿಂದ ನೋಡಿದವರು ತಿರುಗುಮುರುಗಾಗಿ ಓದಿಯಾರು.

ಬೆಲೆಯಾಗಿ ತೆರಬೇಕಾದದ್ದು ಸೂಕ್ಷ್ಮತೆಯನ್ನು. ತರಂಗ ಉದ್ದವಾದಷ್ಟೂ ಚಿತ್ರ ಒರಟು. ನಿಂಬಸ್-5ರ ನಕ್ಷೆಯಲ್ಲಿ ಒಂದೊಂದು ಚೌಕ ಸುಮಾರು ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಅಗಲ. ಬೆಂಗಳೂರಿನಂಥ ನಗರ ಒಂದೆರಡು ಚೌಕಗಳಲ್ಲಿ ಮುಗಿದುಹೋಗುತ್ತದೆ. ಇಷ್ಟು ಒರಟಾದ ಚಿತ್ರ ಏನು ಕಲಿಸಿತೆಂದು ನೋಡಬೇಕು. ತೆರಪು ಎದ್ದದ್ದು ಮಾಡ್ ರೈಸ್ ಎಂಬ ಕಡಲಡಿಯ ಬೆಟ್ಟದ ಆಸುಪಾಸಿನಲ್ಲಿ. ಭಾರತದ ಮೈತ್ರಿ ನಿಲ್ದಾಣವಿರುವ ಕ್ವೀನ್ ಮಾಡ್ ಲ್ಯಾಂಡ್ ಕರಾವಳಿಯ ಎದುರಿಗೆ, ಉತ್ತರಕ್ಕೆ ಬರುವ ಜಾಗ ಅದು. ಅಲ್ಲಿ ಮೇಲೆ ತಣ್ಣನೆಯ, ಉಪ್ಪು ಕಡಿಮೆಯಿರುವ ನೀರಿನ ಪದರ, ಅದರ ಕೆಳಗೆ ತುಸು ಬೆಚ್ಚಗಿನ, ಹೆಚ್ಚು ಉಪ್ಪಿನ ನೀರು. ಮೇಲಿನ ಪದರ ಹಗುರವಾದ್ದರಿಂದ ಸಾಮಾನ್ಯವಾಗಿ ಮುಚ್ಚಳದಂತೆ ಕೂತಿರುತ್ತದೆ. ಯಾವುದೋ ಕಾರಣಕ್ಕೆ ಮೇಲ್ಪದರ ಉಪ್ಪಾದರೆ ಅದು ಭಾರವಾಗಿ ಮುಳುಗುತ್ತದೆ, ಆಳದ ಬೆಚ್ಚನೆಯ ನೀರು ಮೇಲೇಳುತ್ತದೆ, ಹಿಮ ಕರಗುತ್ತದೆ. ಮೇಲೆದ್ದ ನೀರು ಗಾಳಿಗೆ ಶಾಖ ಕೊಟ್ಟು ತಣ್ಣಗಾಗಿ ಮತ್ತೆ ಮುಳುಗುತ್ತದೆ. ಈ ಕಡೆಯುವಿಕೆ ನಡೆಯುವವರೆಗೂ ತೆರಪು ಮುಚ್ಚುವುದಿಲ್ಲ. ಅಮೆರಿಕದ ಸಾಗರವಿಜ್ಞಾನಿ ಆರ್ನಲ್ಡ್ ಗಾರ್ಡನ್ 1977ರ ಹಡಗಿನ ಅಳತೆಗಳನ್ನು ತೆರಪು ಏಳುವ ಮೊದಲಿನ ಅಳತೆಗಳೊಂದಿಗೆ ಹೋಲಿಸಿದಾಗ, ಎರಡೂವರೆ ಸಾವಿರ ಮೀಟರಿಗಿಂತ ಆಳದವರೆಗೂ ಸಮುದ್ರ ತಣ್ಣಗಾಗಿದ್ದುದು ಕಂಡುಬಂತು. ಉಪಗ್ರಹ ಮೇಲ್ಮೈಯಲ್ಲಿ ತೋರಿಸಿದ್ದ ಮಂಕು ಮಚ್ಚೆ, ಸಾಗರದ ಒಡಲಿನ ಶಾಖ ಆಕಾಶಕ್ಕೆ ಸೋರಿಹೋಗುತ್ತಿದ್ದ ಜಾಗವಾಗಿತ್ತು.

2016ರಲ್ಲಿ ಅದೇ ಬೆಟ್ಟದ ಮೇಲೆ ಚಿಕ್ಕದೊಂದು ತೆರಪು ಎದ್ದಿತು. 2017ರ ಸೆಪ್ಟೆಂಬರ್‌ನಲ್ಲಿ ಅದಕ್ಕಿಂತ ದೊಡ್ಡದು ತೆರೆದು ವಾರಗಳಲ್ಲೇ ಹಲವು ಪಟ್ಟು ಹಿಗ್ಗಿತು. ಎಪ್ಪತ್ತರ ದಶಕದ್ದಕ್ಕೆ ಹೋಲಿಸಿದರೆ ಸಣ್ಣದೇ. ಆದರೂ ವಿಜ್ಞಾನಲೋಕ ತಕ್ಷಣ ಎಚ್ಚೆತ್ತುಕೊಂಡಿತು, ಏಕೆಂದರೆ ನಡುವಿನ ನಾಲ್ಕು ದಶಕಗಳ ದಾಖಲೆ ಕೈಯಲ್ಲಿತ್ತು, ಇದು ಎಷ್ಟು ಅಪರೂಪವೆಂಬುದು ಗೊತ್ತಿತ್ತು. ಈ ಸಲ ನೀರಿನೊಳಗೆ ತೇಲುವ ಸ್ವಯಂಚಾಲಿತ ಮಾಪಕಗಳಿದ್ದವು. ತಲೆಯ ಮೇಲೆ ಸಣ್ಣ ಸಾಧನಗಳನ್ನು ಅಂಟಿಸಿಕೊಂಡು ಹಿಮದಡಿಯಲ್ಲಿ ಈಜುವ ಎಲಿಫೆಂಟ್ ಸೀಲ್‌ಗಳೂ ಉಷ್ಣಾಂಶ ಮತ್ತು ಉಪ್ಪಿನ ಅಳತೆಗಳನ್ನು ಕಳಿಸಿದವು. ಎರಡನ್ನೂ ಜೋಡಿಸಿ ನೋಡಿದ ಸಂಶೋಧಕರು ಮೇಲ್ಪದರ ಮೊದಲೇ ಉಪ್ಪಾಗಿ ದುರ್ಬಲವಾಗಿತ್ತು, ಅದರ ಮೇಲೆ ಒಂದರ ಹಿಂದೊಂದು ಬಿರುಗಾಳಿ ಬಂದೆರಗಿತು ಎಂಬ ವಿವರಣೆಗೆ ಬಂದರು. ಇಂಥ ಪ್ರಾಣಿಗಳಿಂದ ಮಾಹಿತಿ ಸಂಗ್ರಹಿಸುವ ಫ್ರಾನ್ಸಿನ ಆರ್ಗೋಸ್ ಉಪಕರಣ ಈಗ 2022ರಲ್ಲಿ ಶ್ರೀಹರಿಕೋಟಾದಿಂದ ಹಾರಿದ ನಮ್ಮ ಓಷನ್‌ಸ್ಯಾಟ್-3ರಲ್ಲೂ ಇದೆ ಎಂಬುದನ್ನು ಇಲ್ಲಿ ನೆನೆಯಬಹುದು.

ದಾಖಲೆಯ ಸಾಲು ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬುದನ್ನೂ ಪ್ರಾಮಾಣಿಕವಾಗಿ ನೋಡಬೇಕು. ಧ್ರುವಗಳ ಹಿಮದ ಬಗ್ಗೆ ಬರುವ ಹೆಚ್ಚಿನ ಲೆಕ್ಕಗಳು 1979ರಿಂದ ಶುರುವಾಗುತ್ತವೆ. 1978ರ ಅಕ್ಟೋಬರ್ ಕೊನೆಯಲ್ಲಿ ನಿಂಬಸ್-7ರ ಬಹುಕಂಪನ ರೇಡಿಯೋಮೀಟರ್ ಕೆಲಸ ಆರಂಭಿಸಿತು. 1987ರಿಂದ ಅಮೆರಿಕದ ರಕ್ಷಣಾ ಇಲಾಖೆಯ ಹವಾಮಾನ ಉಪಗ್ರಹಗಳು ಆ ಕೆಲಸವನ್ನು ವಹಿಸಿಕೊಂಡವು. ಹಾಗಾದರೆ ನಿಂಬಸ್-5ರ ಅಳತೆಗಳು? ಅದರ ಸಾಧನ ಕೈಕೊಡುವ ಹೊತ್ತಿಗೂ ಹೊಸದು ಶುರುವಾಗುವ ಹೊತ್ತಿಗೂ ನಡುವೆ ಅಂತರ ಬಿತ್ತು. ಎರಡು ಸಾಧನಗಳು ಒಂದೇ ದಿನ ಒಂದೇ ಹಿಮವನ್ನು ಅಳೆದಿದ್ದರೆ ಒಂದರ ಓದನ್ನು ಇನ್ನೊಂದಕ್ಕೆ ಹೊಂದಿಸಿಕೊಳ್ಳಬಹುದಿತ್ತು. ಅದು ಆಗದ್ದರಿಂದ ನಾಲ್ಕೈದು ವರ್ಷಗಳ ಅಮೂಲ್ಯ ಅಳತೆಗಳು ಮುಖ್ಯ ಸಾಲಿನ ಹೊರಗೇ ಉಳಿದವು. ಉಪಗ್ರಹ ಹಳೆಯದಾದರೂ ಅದು ಬದುಕಿರುವಾಗಲೇ ಹೊಸದನ್ನು ಹಾರಿಸಬೇಕು ಎಂಬ ಎಚ್ಚರಿಕೆ ಮೂಡಿದ್ದು ಇಂಥ ನಷ್ಟಗಳಿಂದ.

ಇದಕ್ಕೂ ಹಿಂದಿನ ಕಥೆ ಇನ್ನೂ ಸ್ವಾರಸ್ಯವಾದದ್ದು. 1964ರಲ್ಲಿ ಹಾರಿದ ನಿಂಬಸ್-1 ಒಂದು ತಿಂಗಳಿಗೂ ಕಡಿಮೆ ಕಾಲ ಕೆಲಸ ಮಾಡಿತು. ಅದರ ಚಿತ್ರಗಳನ್ನು ಮೋಡಗಳಿಗಾಗಿ ನೋಡಿ, ಫಿಲ್ಮ್ ಸುರುಳಿಗಳನ್ನು ಡಬ್ಬಗಳಲ್ಲಿಟ್ಟು ಮರೆಯಲಾಯಿತು. ಸುಮಾರು ಅರ್ಧ ಶತಮಾನದ ನಂತರ ಅಮೆರಿಕದ ರಾಷ್ಟ್ರೀಯ ಹಿಮ ದತ್ತಾಂಶ ಕೇಂದ್ರದ ಸಂಶೋಧಕರು ಆ ಸುರುಳಿಗಳನ್ನು ಹೊರತೆಗೆದು, ಒಂದೊಂದಾಗಿ ಸ್ಕ್ಯಾನ್ ಮಾಡಿ, ಮೋಡಗಳ ಸಂದಿಯಲ್ಲಿ ಹಿಮದ ಅಂಚನ್ನು ಹುಡುಕಿದರು. 1964ರ ಸೆಪ್ಟೆಂಬರ್‌ನಲ್ಲಿ ಅಂಟಾರ್ಕ್ಟಿಕದ ಸುತ್ತಲಿನ ಹಿಮಹಾಸು 197 ಲಕ್ಷ ಚದರ ಕಿಲೋಮೀಟರ್ ಇತ್ತೆಂಬ ಅಂದಾಜು ಸಿಕ್ಕಿತು. ಇದೇ ರೀತಿ ನಿಂಬಸ್-2ರ ಚಿತ್ರಗಳಿಂದ 1966ರ ಆಗಸ್ಟ್‌ನ ಲೆಕ್ಕ ಸಿಕ್ಕಿದಾಗ ಅದು 159 ಲಕ್ಷ. ಎರಡೇ ವರ್ಷಗಳಲ್ಲಿ ಭಾರತದ ವಿಸ್ತೀರ್ಣಕ್ಕಿಂತ ಹೆಚ್ಚಿನ ಏರುಪೇರು. ಅಂಟಾರ್ಕ್ಟಿಕದ ಹಿಮಹಾಸು ಎಷ್ಟು ಚಂಚಲ ಎಂಬುದನ್ನು ಈ ಎರಡು ಅಂಕಿಗಳು ಹೇಳುತ್ತವೆ, ಜೊತೆಗೆ ಒಂದೆರಡು ವರ್ಷದ ಚಿತ್ರ ನೋಡಿ ತೀರ್ಪು ಕೊಡುವುದು ಎಷ್ಟು ಅಪಾಯವೆಂಬುದನ್ನೂ.

ಆ ಅಪಾಯಕ್ಕೆ ಇತ್ತೀಚಿನ ಸಾಕ್ಷಿ ನಮ್ಮ ಕಣ್ಣೆದುರಿಗೇ ಇದೆ. ಉತ್ತರ ಧ್ರುವದ ಸಮುದ್ರದ ಕಥೆ ನೇರವಾದದ್ದು. 1980ರ ದಶಕದ ಆರಂಭದಲ್ಲಿ ಬೇಸಿಗೆಯ ಕೊನೆಗೂ ಸುಮಾರು 70 ಲಕ್ಷ ಚದರ ಕಿಲೋಮೀಟರ್ ಹಿಮ ಉಳಿಯುತ್ತಿತ್ತು. 2012ರ ಸೆಪ್ಟೆಂಬರ್‌ನಲ್ಲಿ ಉಳಿದದ್ದು 34 ಲಕ್ಷ. ದಕ್ಷಿಣದಲ್ಲಿ ಮಾತ್ರ 1979ರಿಂದ ಹಿಮ ನಿಧಾನವಾಗಿ ಹೆಚ್ಚುತ್ತಲೇ ಹೋಗಿ, 2014ರಲ್ಲಿ ಮೊದಲ ಬಾರಿಗೆ 200 ಲಕ್ಷ ದಾಟಿತು. ಭೂಮಿ ಬಿಸಿಯಾಗುತ್ತಿಲ್ಲ ಎಂದು ವಾದಿಸುವವರು ಈ ಅಂಕಿಯನ್ನು ಎತ್ತಿ ತೋರಿಸಿದರು. ಮೂವತ್ತೈದು ವರ್ಷಗಳ ಅಳತೆ ಅದು, ಸುಳ್ಳಲ್ಲ. ಆದರೆ 2016ರಿಂದ ಹಿಮ ಕುಸಿಯಿತು. 2023ರ ಫೆಬ್ರುವರಿಯಲ್ಲಿ ಬೇಸಿಗೆಯ ಕನಿಷ್ಠ ಪ್ರಮಾಣ 18 ಲಕ್ಷಕ್ಕಿಂತ ಕೆಳಗಿಳಿಯಿತು. ಅದೇ ವರ್ಷದ ಸೆಪ್ಟೆಂಬರ್‌ನ ಗರಿಷ್ಠ ಪ್ರಮಾಣ 170 ಲಕ್ಷವನ್ನೂ ಮುಟ್ಟಲಿಲ್ಲ. ಅಷ್ಟು ಕಡಿಮೆ ಗರಿಷ್ಠ ಆವರೆಗಿನ ದಾಖಲೆಯಲ್ಲಿ ಇರಲಿಲ್ಲ. 2022ರ ಕೊನೆಯಲ್ಲಿ ಬೆಲಿಂಗ್ಸ್‌ಹೌಸನ್ ಸಮುದ್ರದ ಬಳಿ ಹಿಮ ಬೇಗನೆ ಒಡೆದು, ಅಲ್ಲಿದ್ದ ಐದು ಎಂಪರರ್ ಪೆಂಗ್ವಿನ್ ನೆಲೆಗಳಲ್ಲಿ ನಾಲ್ಕರಲ್ಲಿ ಒಂದು ಮರಿಯೂ ಉಳಿಯಲಿಲ್ಲವೆಂದು ಉಪಗ್ರಹ ಚಿತ್ರಗಳಿಂದಲೇ ತಿಳಿಯಿತು. ನೀರಿನಿಂದ ರಕ್ಷಿಸುವ ಗರಿ ಬರುವ ಮೊದಲೇ ಮರಿಗಳ ಕಾಲಡಿಯ ಹಿಮ ಹೋಗಿತ್ತು. 2014ರಲ್ಲಿ ಅಳತೆ ನಿಲ್ಲಿಸಿದ್ದರೆ ನಾವು ನಿಜವಾದ ಅಂಕಿಗಳನ್ನೇ ಕೈಯಲ್ಲಿಟ್ಟುಕೊಂಡು ತಪ್ಪು ತಿಳಿವಳಿಕೆಯೊಂದಿಗೆ ಉಳಿಯುತ್ತಿದ್ದೆವು.

ಈ ವಾದಕ್ಕೆ ಬಲವಾದ ಆಕ್ಷೇಪಗಳಿವೆ. ಮೊದಲನೆಯದು: ಇಂದು ಮೀಟರಿನಷ್ಟು ಸೂಕ್ಷ್ಮವಾಗಿ ನೋಡಬಲ್ಲ ಉಪಗ್ರಹಗಳಿವೆ, ರೇಡಾರ್ ಉಪಗ್ರಹಗಳಿವೆ, ಒರಟು ಚೌಕಗಳ ಈ ಹಳೆಯ ಪದ್ಧತಿಗೆ ಇನ್ನೂ ಏಕೆ ಅಂಟಿಕೊಳ್ಳಬೇಕು? ಲಾರ್ಸೆನ್-ಬಿ ಪ್ರಕರಣ ಇದಕ್ಕೆ ಒಂದು ಉತ್ತರ ಕೊಡುತ್ತದೆ. ಅಂಟಾರ್ಕ್ಟಿಕ ಪರ್ಯಾಯ ದ್ವೀಪದ ಪೂರ್ವಕ್ಕಿದ್ದ ಈ ತೇಲುವ ಹಿಮದಂಡೆ ಸುಮಾರು 200 ಮೀಟರ್ ದಪ್ಪ, ಸುಮಾರು ಹತ್ತು ಸಾವಿರ ವರ್ಷಗಳಿಂದ ಕದಲದೆ ನಿಂತಿದ್ದದ್ದು. 2002ರ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗಿನ 35 ದಿನಗಳಲ್ಲಿ ಅದರ 3,250 ಚದರ ಕಿಲೋಮೀಟರ್ ಪುಡಿಪುಡಿಯಾಯಿತು. ನಾಸಾದ ಟೆರ್ರಾ ಉಪಗ್ರಹದ ಮೋಡಿಸ್ ಎಂಬ ಸಾಧನ ಇದನ್ನು ಸೆರೆಹಿಡಿಯಿತು. ಮೋಡಿಸ್‌ನ ಅತಿ ಸೂಕ್ಷ್ಮ ನೋಟವೂ 250 ಮೀಟರ್. ಆ ಕಾಲಕ್ಕೂ ಅದೇನು ಹರಿತವಾದ ಕಣ್ಣಲ್ಲ. ಆದರೆ ಅದು ದಿನವೂ ನೋಡುತ್ತಿತ್ತು. ಕುಸಿಯುವ ಮೊದಲು ಹಿಮದ ಮೇಲೆ ಸಾಲುಸಾಲಾಗಿ ಕರಗಿದ ನೀರಿನ ಹೊಂಡಗಳು ಕಾಣಿಸಿದ್ದವು, ಕುಸಿದ ಮೇಲೆ ಅವು ಕಾಣಲಿಲ್ಲ. ಆ ನೀರು ಬಿರುಕುಗಳಿಗಿಳಿದು ತನ್ನ ಭಾರದಿಂದಲೇ ಅವನ್ನು ತಳದವರೆಗೆ ಸೀಳಿತೆಂಬ ವಿವರಣೆ ಬಲ ಪಡೆದದ್ದು ಹಾಗೆ. ಹದಿನೈದು ದಿನಕ್ಕೊಮ್ಮೆ ಬರುವ ಹರಿತವಾದ ಕಣ್ಣಿಗೆ, ಅದೂ ಆ ದಿನ ಮೋಡವಿಲ್ಲದಿದ್ದರೆ, ಮೊದಲು ಇಡೀ ಹಿಮದಂಡೆಯೂ ಆಮೇಲೆ ಬರಿಯ ಚೂರುಗಳೂ ಕಂಡು, ನಡುವಿನ ಕಾರಣ ಕೈತಪ್ಪುತ್ತಿತ್ತು.

ಹಾಗೆಂದು ಈ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾಗದು. ನಮ್ಮದೇ ಶೀತಪ್ರದೇಶವಾದ ಹಿಮಾಲಯದಲ್ಲಿ ಒರಟು ಕಣ್ಣು ಕೆಲಸಕ್ಕೆ ಬಾರದು. ಇಪ್ಪತ್ತೈದು ಕಿಲೋಮೀಟರಿನ ಚೌಕದೊಳಗೆ ಒಂದು ಶಿಖರ, ನಾಲ್ಕು ಕಣಿವೆ, ಹತ್ತು ಹಿಮನದಿಗಳು ಸೇರಿಹೋಗುತ್ತವೆ. 2023ರ ಅಕ್ಟೋಬರ್ 3ರ ರಾತ್ರಿ ಸಿಕ್ಕಿಮಿನ ದಕ್ಷಿಣ ಲ್ಹೊನಾಕ್ ಹಿಮಸರೋವರ ಒಡೆದು ತೀಸ್ತಾ ಕಣಿವೆಯನ್ನು ಕೊಚ್ಚಿಕೊಂಡುಹೋಗಿ, ಚುಂಗ್‌ಥಾಂಗ್‌ನ ಅಣೆಕಟ್ಟನ್ನೂ ನೆಲಸಮ ಮಾಡಿತು. ಸೆಪ್ಟೆಂಬರ್ 28ರಂದು 167 ಹೆಕ್ಟೇರ್‌ಗಳಷ್ಟಿದ್ದ ಸರೋವರ ಅಕ್ಟೋಬರ್ 4ರಂದು 60 ಹೆಕ್ಟೇರ್‌ಗೆ ಇಳಿದಿತ್ತೆಂದು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ತೋರಿಸಿದ್ದು ಮೋಡದ ಅಡ್ಡಿಯಿಲ್ಲದೆ ನೋಡುವ ರೇಡಾರ್ ಚಿತ್ರಗಳಿಂದ. ಇಲ್ಲಿ ಸೂಕ್ಷ್ಮತೆ ಬೇಕೇ ಬೇಕು. ಆದರೆ ಇನ್ನೊಂದು ಮಾತಿದೆ. ಆ ಸರೋವರ ಅಪಾಯಕಾರಿಯೆಂದು ವಿಜ್ಞಾನಿಗಳು ವರ್ಷಗಳ ಮೊದಲೇ ಹೇಳಿದ್ದರು, ಮತ್ತು ಹಾಗೆ ಹೇಳಲು ಅವರಿಗೆ ಸಾಧ್ಯವಾದದ್ದು ದಶಕಗಳ ಚಿತ್ರಗಳನ್ನು ಸಾಲಾಗಿಟ್ಟು ಅದು ಹಿಗ್ಗುತ್ತ ಬಂದದ್ದನ್ನು ಅಳೆದುದರಿಂದ. ಹರಿತವಾದ ಕಣ್ಣೂ ಪದೇ ಪದೇ ನೋಡಿದಾಗಲೇ ಉಪಯೋಗಕ್ಕೆ ಬರುತ್ತದೆ. ಎಚ್ಚರಿಕೆ ಕಣಿವೆಯ ಜನರಿಗೆ ಸಕಾಲಕ್ಕೆ ತಲುಪಲಿಲ್ಲವೆಂಬುದು ಕಣ್ಣೀರು ತರಿಸುವ ಸಂಗತಿ. ಅದು ಆಡಳಿತದ ಸೋಲು. ನೋಡುವುದನ್ನು ನಿಲ್ಲಿಸಲು ಅದನ್ನು ಕಾರಣ ಮಾಡುವಂತಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು: ಎಂಟುನೂರು ಕಿಲೋಮೀಟರ್ ಮೇಲಿನಿಂದ ನೋಡಿದ್ದು ನಿಜವೆಂದು ನಂಬುವುದು ಹೇಗೆ? ಈ ಪ್ರಶ್ನೆ ಕೇಳುವವರ ಪರವಾಗಿ ಓಝೋನ್ ರಂಧ್ರದ ಚರಿತ್ರೆಯೇ ಇದೆ. ಅದನ್ನು ಜಗತ್ತಿಗೆ 1985ರ ಮೇ ತಿಂಗಳಲ್ಲಿ ತಿಳಿಸಿದವರು ಬ್ರಿಟನ್ನಿನ ಜೋ ಫಾರ್ಮನ್, ಬ್ರಯನ್ ಗಾರ್ಡಿನರ್ ಮತ್ತು ಜೊನಾಥನ್ ಶಾಂಕ್ಲಿನ್. ಅವರ ಆಧಾರ, ಅಂಟಾರ್ಕ್ಟಿಕದ ಹ್ಯಾಲಿ ನಿಲ್ದಾಣದಲ್ಲಿ 1950ರ ದಶಕದಿಂದ ನೆಲದ ಮೇಲೆ ನಿಂತು ಮಾಡುತ್ತ ಬಂದ ಅಳತೆಗಳು. ಆ ವೇಳೆಗೆ ನಿಂಬಸ್-7 ಕೂಡ ಮೇಲಿನಿಂದ ಅದೇ ಓಝೋನನ್ನು ಅಳೆಯುತ್ತಿತ್ತು. ಆದರೆ 180 ಘಟಕಕ್ಕಿಂತ ಕೆಳಗಿನ ಓದುಗಳು ಬಂದರೆ ಅನುಮಾನಾಸ್ಪದವೆಂದು ಗುರುತು ಹಾಕುವಂತೆ ಅದರ ಗಣಕ ವ್ಯವಸ್ಥೆಯನ್ನು ರೂಪಿಸಲಾಗಿತ್ತು. ಓಝೋನ್ ಅಷ್ಟು ಕೆಳಗಿಳಿಯಬಹುದೆಂದು ರೂಪಿಸಿದವರು ಎಣಿಸಿರಲಿಲ್ಲ. ಉಪಗ್ರಹ ಕಂಡಿತ್ತು, ಮನುಷ್ಯರು ಒಪ್ಪಿಕೊಳ್ಳಲು ತಡಮಾಡಿದರು. ಆದರೆ ಆ ಓದುಗಳನ್ನು ಅಳಿಸಿಹಾಕಿರಲಿಲ್ಲ. ಹಿಂದಿರುಗಿ ನೋಡಿದಾಗ ರಂಧ್ರ ಎಷ್ಟು ಅಗಲ, ಯಾವ ವರ್ಷ ಎಷ್ಟು ಬೆಳೆಯಿತೆಂಬ ಇಡೀ ಭೂಪಟ ಅಲ್ಲಿ ಸಿದ್ಧವಾಗಿತ್ತು. ಹ್ಯಾಲಿಯ ಅಳತೆಗಳು ಒಂದು ಬಿಂದುವಿನ ಸತ್ಯವನ್ನು ಹೇಳಿದವು, ಅದು ಖಂಡದಷ್ಟು ಅಗಲದ ಸತ್ಯವೆಂದು ತೋರಿಸಿದ್ದು ಉಪಗ್ರಹ. ನೆಲದ ನಿಲ್ದಾಣಗಳನ್ನು ಮುಚ್ಚಿ ಉಪಗ್ರಹವನ್ನೇ ನೆಚ್ಚಿಕೊಳ್ಳೋಣ ಎನ್ನುವವರಿಗೂ, ಉಪಗ್ರಹ ಏಕೆ ಎನ್ನುವವರಿಗೂ ಈ ಘಟನೆ ಸಮನಾಗಿ ಉತ್ತರಿಸುತ್ತದೆ.

ಅತಿ ಶೀತದ ದಾಖಲೆಯ ವಿಷಯದಲ್ಲೂ ಇದೇ ಹೊಂದಾಣಿಕೆ ಬೇಕಾಗುತ್ತದೆ. ಥರ್ಮಾಮೀಟರ್ ಕಂಡ ಅತಿ ಕಡಿಮೆ ತಾಪ ರಷ್ಯನ್ನರ ವೊಸ್ತೋಕ್ ನಿಲ್ದಾಣದ್ದು: 1983ರ ಜುಲೈ 21ರಂದು ಸೊನ್ನೆಗಿಂತ 89.2 ಡಿಗ್ರಿ ಕೆಳಗೆ. ಉಪಗ್ರಹಗಳ ಶಾಖಚಿತ್ರಗಳನ್ನು ಪರಿಶೀಲಿಸಿದ ಟೆಡ್ ಸ್ಕ್ಯಾಂಬೋಸ್ ಮತ್ತು ಸಂಗಡಿಗರು 2018ರಲ್ಲಿ, ಪೂರ್ವ ಅಂಟಾರ್ಕ್ಟಿಕದ ಎತ್ತರದ ದಿಬ್ಬದ ಸಣ್ಣ ತಗ್ಗುಗಳಲ್ಲಿ ಹಿಮದ ಮೇಲ್ಮೈ ಮೈನಸ್ 98ರವರೆಗೂ ಇಳಿಯುತ್ತದೆಂದು ವರದಿ ಮಾಡಿದರು. ಅದು ಹಿಮದ ಮೇಲ್ಮೈಯ ತಾಪ. ವೊಸ್ತೋಕ್‌ನದು ಗಾಳಿಯ ತಾಪ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆಯುವಂತಿಲ್ಲ. ಆದರೂ ಆ ತಗ್ಗುಗಳಲ್ಲಿ ಯಾವ ಮನುಷ್ಯನೂ ಚಳಿಗಾಲ ಕಳೆದಿಲ್ಲ. ಆಕಾಶ ತಿಳಿಯಾಗಿ, ಗಾಳಿ ತೀರಾ ಒಣಗಿ, ಹಲವು ದಿನ ಹಾಗೇ ಇದ್ದರೆ ಮಾತ್ರ ಅಷ್ಟು ಶೀತ ಕೂಡುತ್ತದೆಂಬ ತಿಳಿವಳಿಕೆ ಬೇರಾವ ದಾರಿಯಿಂದಲೂ ಬರುತ್ತಿರಲಿಲ್ಲ. ಇಂಥ ಮಿತಿಗಳು ಇನ್ನೂ ಇವೆ. ಬೇಸಿಗೆಯಲ್ಲಿ ಹಿಮದ ಮೇಲೆ ನಿಂತ ಕರಗುನೀರನ್ನು ಮೈಕ್ರೋವೇವ್ ಸಾಧನ ತೆರೆದ ಸಮುದ್ರವೆಂದೇ ಓದಿಬಿಡುತ್ತದೆ. ಹಿಮ ಎಷ್ಟು ಅಗಲವೆಂದು ಅದು ಹೇಳೀತು, ಎಷ್ಟು ದಪ್ಪವೆಂಬುದು ಅದಕ್ಕೆ ಸರಿಯಾಗಿ ತಿಳಿಯದು. ಗ್ರೀನ್‌ಲ್ಯಾಂಡ್ ಅಥವಾ ಉತ್ತರ ಕೆನಡಾದ ಇನ್ಯುಯಿಟ್ ಬೇಟೆಗಾರ ಕಾಲಿಡುವ ಮುನ್ನ ಕೋಲಿನಿಂದ ತಟ್ಟಿ ತಿಳಿಯುವುದನ್ನು ಆ ನಕ್ಷೆ ತಿಳಿಸದು, ಅವನ ಜೀವ ಉಳಿಸುವುದು ಅವನ ತಿಳಿವಳಿಕೆಯೇ. ದಪ್ಪ ಅಳೆಯಲೆಂದೇ 2010ರಲ್ಲಿ ಯುರೋಪಿನ ಕ್ರಯೋಸ್ಯಾಟ್-2, 2018ರಲ್ಲಿ ನಾಸಾದ ಐಸ್‌ಸ್ಯಾಟ್-2 ಹಾರಿವೆ. ಇವೆಲ್ಲ ಮುಖ್ಯ ಸಾಲಿಗೆ ಸೇರಿಕೊಳ್ಳುವ ಪೂರಕ ದಾಖಲೆಗಳು. ಸಾಲೇ ಕಡಿದರೆ ಇವಕ್ಕೆ ಆಸರೆಯಿಲ್ಲ.

ಕಡಿಯುವ ಭಯ ಕಲ್ಪನೆಯದಲ್ಲ. 1987ರಿಂದ ಈ ಕೆಲಸ ಹೊತ್ತುಬಂದ ಅಮೆರಿಕದ ರಕ್ಷಣಾ ಉಪಗ್ರಹಗಳ ಮೈಕ್ರೋವೇವ್ ಮಾಹಿತಿ ಕೆಲವೇ ದಿನಗಳಲ್ಲಿ ನಿಲ್ಲುತ್ತದೆಂದು 2025ರ ಜೂನ್‌ನಲ್ಲಿ ಪ್ರಕಟಣೆ ಹೊರಬಿತ್ತು. ವಿಜ್ಞಾನಿಗಳ ಆತಂಕದ ನಡುವೆ ಗಡುವು ಮುಂದಕ್ಕೆ ಹೋಯಿತು, ಆಮೇಲೆ ನಿರ್ಧಾರವೇ ಬದಲಾಯಿತು. ಆದರೆ ಆ ಉಪಗ್ರಹಗಳಿಗೆ ವಯಸ್ಸಾಗಿದೆ. ಅದೇ ವರ್ಷ ನೋವಾ-15, 18 ಮತ್ತು 19 ಎಂಬ ಹಳೆಯ ಧ್ರುವಕಕ್ಷೆಯ ಉಪಗ್ರಹಗಳೂ ನಿವೃತ್ತವಾದವು. ಒಂದು ಸಾದಾ ಆಂಟೆನಾ ಕಟ್ಟಿಕೊಂಡ ಯಾರಿಗೇ ಆಗಲಿ ತಮ್ಮ ಚಿತ್ರಗಳನ್ನು ಉಚಿತವಾಗಿ ಪ್ರಸಾರ ಮಾಡುತ್ತಿದ್ದವು ಅವು. ಸದ್ಯ ಹಿಮದ ಲೆಕ್ಕಕ್ಕೆ ದೊಡ್ಡ ಆಧಾರ ಜಪಾನ್. 2012ರಲ್ಲಿ ಅದು ಹಾರಿಸಿದ ಉಪಗ್ರಹದ ಆಮ್ಸರ್-2 ರೇಡಿಯೋಮೀಟರ್ ತನ್ನ ನಿಗದಿತ ಆಯುಸ್ಸನ್ನು ಎಂದೋ ದಾಟಿದೆ. ಮುಂದಿನ ಪೀಳಿಗೆಯ ಆಮ್ಸರ್-3 ಹೊತ್ತ ಉಪಗ್ರಹ 2025ರ ಜೂನ್ 29ರಂದು ಕಕ್ಷೆ ಸೇರಿತು. ಎಪ್ಪತ್ತರ ದಶಕದಲ್ಲಿ ತಪ್ಪಿಹೋದ ಆ ಜೊತೆ ಅಳತೆಗೆ ಅವಕಾಶ ಸಿಕ್ಕಿರುವುದು ಈ ಹಳೆ ಹೊಸ ಸಾಧನಗಳಿಗೆ.

ಇನ್ನು ಮೂರನೆಯ ಆಕ್ಷೇಪ: ಶಾಲೆ, ಆಸ್ಪತ್ರೆಗೆ ಹಣ ಸಾಲದ ಉಷ್ಣವಲಯದ ದೇಶ ಧ್ರುವದ ಹಿಮಕ್ಕೆ ಏಕೆ ಖರ್ಚು ಮಾಡಬೇಕು? ಆಗಲೇ ಮಾಡುತ್ತಿದ್ದೇವೆ ಎಂಬುದು ಇದಕ್ಕೆ ಮೊದಲ ಉತ್ತರ. ಅಂಟಾರ್ಕ್ಟಿಕದಲ್ಲಿ 2012ರಿಂದ ನಡೆಯುತ್ತಿರುವ ನಮ್ಮ ಭಾರತಿ ನಿಲ್ದಾಣದಲ್ಲಿ ಉಪಗ್ರಹ ಮಾಹಿತಿ ಸ್ವೀಕರಿಸುವ ನೆಲಕೇಂದ್ರವಿದೆ. ಧ್ರುವದ ಬಳಿ ಉಪಗ್ರಹ ಪ್ರತಿ ಸುತ್ತಿನಲ್ಲೂ ಹಾಯುವುದರಿಂದ ಅಲ್ಲೊಂದು ಆಂಟೆನಾ ಇದ್ದರೆ ದಿನಕ್ಕೆ ಹಲವು ಬಾರಿ ಮಾಹಿತಿ ಇಳಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಜೋಡಣೆಯಾಗಿ 2025ರ ಜುಲೈ 30ರಂದು ಹಾರಿದ ನಿಸಾರ್ ರೇಡಾರ್ ಉಪಗ್ರಹ ಸದಾ ತನ್ನ ಎಡಕ್ಕೇ ನೋಡುವಂತೆ ರೂಪಿತವಾಗಿರುವುದು ಅಂಟಾರ್ಕ್ಟಿಕ ಚೆನ್ನಾಗಿ ಕಾಣಲಿ ಎಂಬ ಕಾರಣಕ್ಕೆ. ಎರಡನೆಯ ಉತ್ತರ ಸಮುದ್ರಮಟ್ಟದ್ದು. ತೇಲುವ ಕಡಲಹಿಮ ಕರಗಿದರೆ ನೀರೇನೂ ಏರುವುದಿಲ್ಲ, ಆದರೆ ಲಾರ್ಸೆನ್-ಬಿ ಕುಸಿದ ಮೇಲೆ ಅದರ ಹಿಂದೆ ತಡೆದು ನಿಂತಿದ್ದ ಹಿಮನದಿಗಳು ಹಲವು ಪಟ್ಟು ವೇಗವಾಗಿ ಸಮುದ್ರಕ್ಕಿಳಿದವು. ನೆಲದ ಮೇಲಿನ ಆ ಹಿಮ ಸಮುದ್ರ ಸೇರಿದರೆ ಉಳ್ಳಾಲದ ಕಡಲಕೊರೆತಕ್ಕೂ ಅದು ಸಂಬಂಧಿಸಿದ ಲೆಕ್ಕವೇ.

ಹೀಗಿರುವಾಗ ಭಾರತಕ್ಕೆ ಇಲ್ಲದಿರುವುದು ತನ್ನದೇ ಆದ ಸಾಲು. 1999ರ ಮೇ 26ರಂದು ಹಾರಿದ ಓಷನ್‌ಸ್ಯಾಟ್-1ರಲ್ಲಿ ನಮ್ಮವರೇ ಕಟ್ಟಿದ ಬಹುಕಂಪನ ಮೈಕ್ರೋವೇವ್ ರೇಡಿಯೋಮೀಟರ್ ಇತ್ತು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ವಿಜ್ಞಾನಿಗಳು ಅದರಿಂದ ಅಂಟಾರ್ಕ್ಟಿಕದ ಹಿಮಹಾಸನ್ನು ಅಳೆದರು. ಆ ವಿದ್ಯೆ ನಮಗೆ ಒಲಿದಿತ್ತು. ಆ ಸಾಧನ ಕೆಲವೇ ವರ್ಷ ದುಡಿಯಿತು. ನಂತರದ ಓಷನ್‌ಸ್ಯಾಟ್‌ಗಳು ಗಾಳಿ ಅಳೆಯುವ ರೇಡಾರ್ ಹೊತ್ತವು, ಅದರಿಂದಲೂ ಹಿಮದ ಅಂಚು ಗುರುತಿಸಲಾಗುತ್ತದೆ. ಆದರೆ ಧ್ರುವ ನೋಡುವ ರೇಡಿಯೋಮೀಟರಿನ ಸಾಲು ಮುಂದುವರಿಯಲಿಲ್ಲ. ಈ ಸಾಧನ ಹಿಮಕ್ಕಷ್ಟೇ ಅಲ್ಲ, ಸಮುದ್ರದ ಮೇಲ್ಮೈಯ ತಾಪ, ಗಾಳಿಯಲ್ಲಿನ ನೀರಾವಿ, ಮೋಡದಲ್ಲಿನ ನೀರು, ಎಲ್ಲಕ್ಕೂ ಒದಗುತ್ತದೆ. ಮುಂಗಾರಿನ ಮುನ್ಸೂಚನೆಗೆ ಬೇಕಾದದ್ದೂ ಇವೇ ಅಳತೆಗಳು. ಅಂದರೆ ಧ್ರುವಕ್ಕಾಗಿ ಪ್ರತ್ಯೇಕ ಖರ್ಚೆಂಬುದು ಇಲ್ಲಿಲ್ಲ. ಮುಂಗಾರಿಗೆಂದು ಧ್ರುವಕಕ್ಷೆಗೆ ಹಾರಿಸಿದ ರೇಡಿಯೋಮೀಟರ್ ಹಿಮದ ಮೇಲೆ ಹಾಯದೆ ಸುತ್ತು ಮುಗಿಸಲಾರದು. ಓಷನ್‌ಸ್ಯಾಟ್ ಸರಣಿಯ ಮುಂದಿನ ಉಪಗ್ರಹಗಳಲ್ಲಿ ಅದಕ್ಕೆ ಮತ್ತೆ ಜಾಗ ಕೊಡಬೇಕು. ಒಂದು ಉಪಗ್ರಹಕ್ಕೆ ಕೊಟ್ಟು ಬಿಡುವುದಲ್ಲ, ಒಂದರ ಆಯುಸ್ಸು ಮುಗಿಯುವ ಮುನ್ನ ಇನ್ನೊಂದು ಹಾರಿ ಕನಿಷ್ಠ ಒಂದು ವರ್ಷ ಎರಡೂ ಒಟ್ಟಿಗೆ ಅಳೆಯುವಂತೆ ಇಪ್ಪತ್ತು ವರ್ಷಗಳ ಯೋಜನೆ ಹಾಕಿ ಕೊಡಬೇಕು. ಹೆಚ್ಚಾಗಿ ಜಪಾನಿನ ಸಾಲನ್ನು ನೆಚ್ಚಿಕೊಂಡಿರುವ ಜಗತ್ತಿಗೆ ಮತ್ತೊಂದು ಆಧಾರವನ್ನು ಒದಗಿಸುವ ಸಾಮರ್ಥ್ಯ ಭಾರತಕ್ಕಿದೆ, ಕಾಲು ಶತಮಾನದ ಹಿಂದೆ ಅದನ್ನು ಮಾಡಿ ತೋರಿಸಿದ ಅನುಭವವೂ ಇದೆ.